ಗುಳ್ಳೆಗೊಂದು ಸಕ್ಕರೆ, ನಾಲಿಗೆಗೊಂದು ಬೆಲ್ಲ

ಮನೆಯಲ್ಲಿ ಮಾಡಿದ ಜಿಂಜರ್ ಬಿಯರಿಗೆ ಸಿಹಿ ಸಾಲದು ಎನಿಸಿದರೆ ಹೆಚ್ಚಿನವರು ಮುಂದಿನ ಸಲ ಸೀಸೆಗೇ ಇನ್ನಷ್ಟು ಸಕ್ಕರೆ ಹಾಕುತ್ತಾರೆ. ಕಾಸರಗೋಡಿನ ಕುಂಬಳೆ ಬಳಿಯ ಅನಂತಪುರದ ಸೆಕೆಯಲ್ಲಿ ಇದಕ್ಕಿಂತ ಅಪಾಯದ ಉಪಾಯ ಬೇರೆ ಇಲ್ಲ. ಮುರಕಲ್ಲಿನ ಈ ಪದವಿನಲ್ಲಿ ಏಪ್ರಿಲ್ ಬಂತೆಂದರೆ ರಾತ್ರಿಯೂ ಗೋಡೆಯ ಬಿಸಿ ಆರುವುದಿಲ್ಲ. ಯೀಸ್ಟಿಗೆ ಅದು ಹಬ್ಬದ ಕಾಲ. ಹೆಚ್ಚಿಗೆ ಹಾಕಿದ ಸಕ್ಕರೆ ನಮ್ಮ ನಾಲಿಗೆಗೆ ದಕ್ಕುವ ಮೊದಲೇ ಅದರ ಪಾಲಾಗುತ್ತದೆ. ಸಿಹಿ ಇಳಿದಷ್ಟೂ ಒಳಗಿನ ಒತ್ತಡ ಏರುತ್ತದೆ, ಸೀಸೆ ಸಿಡಿಯುತ್ತದೆ.

ಲೆಕ್ಕ ನೋಡಿ. ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು 2 ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ಹೆಚ್ಚುಕಡಿಮೆ ಒಂದು ಲೀಟರ್ ಗ್ಯಾಸು. ಅಂಗಡಿಯ ಸೋಡಾದಷ್ಟು ಚುರುಕು ಬರಲು ಇದರ ಮೂರೂವರೆ, ನಾಲ್ಕು ಪಟ್ಟು ಸಾಕು. ಅಂದರೆ ಗುಳ್ಳೆಗೆ ಬೇಕಾದ ಸಕ್ಕರೆ ಲೀಟರಿಗೆ ಸುಮಾರು 15 ಗ್ರಾಂ ಅಷ್ಟೇ. ನಾಲಿಗೆ ಕೇಳುವುದೋ 80ರಿಂದ 100 ಗ್ರಾಂ. ಇವೆರಡನ್ನೂ ಒಂದೇ ಸೀಸೆಯಲ್ಲಿ ತುಂಬಿ ಮುಚ್ಚಳ ಬಿಗಿದರೆ, ಯೀಸ್ಟ್ 15 ಗ್ರಾಮಿಗೇ ನಿಲ್ಲಬೇಕು ಎಂಬ ನಿಯಮವೇನೂ ಇಲ್ಲ.

ಫ್ರಿಜ್ಜಿದೆಯಲ್ಲ ಎನ್ನಬಹುದು. ತಂಪು ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂಬುದಕ್ಕೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಕಲ್ಪರಸವೇ ಸಾಕ್ಷಿ. ತೆಂಗಿನ ಹೊಂಬಾಳೆಯಿಂದ ಇಳಿಯುವ ರಸವನ್ನು ಅಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯೊಳಗೇ ಹಿಡಿಯುತ್ತಾರೆ. ಅದು ಹುಳಿಯುವುದಿಲ್ಲ, ಸಿಹಿ ಹಾಗೇ ಉಳಿಯುತ್ತದೆ. ಆದರೆ ತಂಪು ಯೀಸ್ಟನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. ಅರ್ಧ ಹುದುಗಿದ ಸಿಹಿ ಸೀಸೆಯನ್ನು ಚೀಲದಲ್ಲಿಟ್ಟುಕೊಂಡು ಕುಂಬಳೆಯಲ್ಲಿ ಬಸ್ಸು ಹತ್ತಿದರೆ ದಾರಿಯಲ್ಲೇ ಅದಕ್ಕೆ ಮತ್ತೆ ಎಚ್ಚರವಾಗುತ್ತದೆ.

ಇನ್ನೊಂದು ಸಂಗತಿಯಿದೆ. ಜಿಂಜರ್ ಬಿಯರಿನ ಹೆಪ್ಪಿನಲ್ಲಿ ಯೀಸ್ಟಿನ ಜೊತೆಗೆ ಬ್ಯಾಕ್ಟೀರಿಯವೂ ಕೂಡಿ ಬಾಳುತ್ತದೆ ಎಂದು ಸಸ್ಯವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್ 1892ರಲ್ಲೇ ಬರೆದಿದ್ದರು. ಸಿಹಿ ಕರಗುತ್ತಿದ್ದಂತೆ ಬ್ಯಾಕ್ಟೀರಿಯದ ಹುಳಿ ಮೇಲೇಳುತ್ತದೆ, ಉಳಿದ ಸಿಹಿಯನ್ನೂ ಅದು ಮುಚ್ಚಿಬಿಡುತ್ತದೆ.

ಹಾಗಾಗಿ ನನ್ನ ಮತ ಸ್ಪಷ್ಟ. ಮೊದಲು ಬಾಯಗಲದ ಭರಣಿಯಲ್ಲಿ, ಬಟ್ಟೆ ಕಟ್ಟಿ, ಸಿಹಿ ಪೂರಾ ಹೋಗುವವರೆಗೆ ಹುದುಗಲು ಬಿಡಿ. ಆಮೇಲೆ ಲೀಟರಿಗೆ 12 ಗ್ರಾಂ ಸಕ್ಕರೆಯನ್ನು ತೂಗಿ ಹಾಕಿ, ಗಟ್ಟಿ ಸೀಸೆಗೆ ತುಂಬಿ, ಗುಳ್ಳೆ ಕಟ್ಟಿದ ಮೇಲೆ ಫ್ರಿಜ್ಜಿಗೆ ಸೇರಿಸಿ. ಚಮಚದ ಅಂದಾಜು ಇಲ್ಲಿ ಬೇಡವೇ ಬೇಡ. ಹೀಗೆ ಪೂರ್ತಿ ಹುದುಗಿದ್ದರಲ್ಲಿ ಮದ್ಯಸಾರ ಇದ್ದೇ ಇರುತ್ತದೆ. ಭರಣಿಗೆ ಲೀಟರಿಗೆ 50 ಗ್ರಾಂ ಹಾಕಿದ್ದರೆ ಶೇಕಡಾ 3ರ ಹತ್ತಿರ. ಮಕ್ಕಳಿಗೆ ಶುಂಠಿ ಪಾನಕವೇ ಸರಿ.

ಸಿಹಿ ಸೇರುವುದು ಲೋಟದಲ್ಲಿ. ಬೆಲ್ಲವನ್ನು ಸಮತೂಕದ ನೀರಿನಲ್ಲಿ ಕರಗಿಸಿ, ಸೋಸಿ, ತಣಿಸಿಡಿ. ಲೋಟದ ತಳಕ್ಕೆ ಮೊದಲು ಬೆಲ್ಲದ ನೀರು, ಎರಡು ಹನಿ ನಿಂಬೆ, ಚಿಟಿಕೆ ಉಪ್ಪು. ಅದರ ಮೇಲೆ ಬಿಯರನ್ನು ಅಂಚಿನಿಂದ ಮೆಲ್ಲಗೆ ಇಳಿಸಿ. ತಿರುವುಮುರುವು ಮಾಡಿದರೆ ನೊರೆಯುಕ್ಕಿ ಗ್ಯಾಸೆಲ್ಲ ಹೊರಟುಹೋಗುತ್ತದೆ. ರುಚಿ ನೋಡುವುದು ಕುಡಿಯುವಷ್ಟೇ ತಣ್ಣಗಿರುವಾಗ, ಏಕೆಂದರೆ ತಂಪಿನಲ್ಲಿ ಸಿಹಿ ಮಂಕಾಗುತ್ತದೆ. ಓಲೆಬೆಲ್ಲ ಸಿಕ್ಕಿದರೆ ಅದನ್ನೇ ಹಾಕಿ. ಎಳೆ ಶುಂಠಿಗಿಂತ ಬಲಿತ ಶುಂಠಿಯ ಖಾರಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ.