ಗಾಜಿನ ಪಾದರಕ್ಷೆ ಮತ್ತು ಮಣ್ಣಿನ ಮುಖವಾಡ: ಮಕ್ಕಳ ಅನಿಮೇಷನ್ ಚಿತ್ರಗಳಲ್ಲಿ ಲಿಂಗಸಂಬಂಧಿ ಸಿದ್ಧಮಾದರಿಗಳು

ಮಕ್ಕಳಿಗಾಗಿ ನಿರ್ಮಿಸಲಾದ ಕಿನ್ನರಕತೆಗಳ ಅನಿಮೇಷನ್ ಚಿತ್ರಗಳು ಹೆಣ್ಣನ್ನು ಸುಂದರಿ, ಸಹನಶೀಲೆ, ಗೃಹಕೃತ್ಯನಿಪುಣೆ ಎಂದೂ ಗಂಡನ್ನು ಉದ್ಧಾರಕನೆಂದೂ ಚಿತ್ರಿಸುತ್ತವೆ ಎಂಬ ಆಕ್ಷೇಪ ಹೊಸತಲ್ಲ. ಅದಕ್ಕೆ ದೊರೆಯುವ ಸಮಾಧಾನವೂ ಹಳೆಯದೇ: ಈ ಗುಣಗಳು ಮೂಲ ಜನಪದ ಕತೆಗಳಲ್ಲಿಯೇ ಇದ್ದವು, ಚಿತ್ರಗಳು ಅವನ್ನು ಪುನರ್ನಿರೂಪಿಸಿವೆ, ಅಷ್ಟೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಸಮಾಧಾನ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಡಿಸ್ನಿ ಸಂಸ್ಥೆಯ ಕೆಲವು ಚಿತ್ರಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ೧೯೩೭ರ ‘ಸ್ನೋ ವೈಟ್ ಅಂಡ್ ದಿ ಸೆವೆನ್ ಡ್ವಾರ್ಫ್ಸ್’ ಚಿತ್ರವನ್ನು ಗಮನಿಸಬಹುದು. ಗ್ರಿಮ್ ಸೋದರರ ಪಾಠದಲ್ಲಿ ಕುಬ್ಜರ ಮನೆ ಅಚ್ಚುಕಟ್ಟಾಗಿದೆ, ಶುಭ್ರವಾಗಿದೆ. ಆಶ್ರಯಕ್ಕೆ ಪ್ರತಿಯಾಗಿ ಮನೆಗೆಲಸ ಮಾಡಬೇಕೆಂಬ ಕರಾರನ್ನು ಕುಬ್ಜರೇ ಮುಂದಿಡುತ್ತಾರೆ. ಚಿತ್ರದಲ್ಲಿ ಅದೇ ಮನೆ ಧೂಳು ಹಿಡಿದು ಕೊಳಕಾಗಿದೆ. ನಾಯಕಿ ಯಾರೂ ಹೇಳುವ ಮೊದಲೇ ಹಾಡುತ್ತ ಅದನ್ನು ಗುಡಿಸುತ್ತಾಳೆ. ಕತೆಯಲ್ಲಿ ಕರಾರಾಗಿದ್ದ ದುಡಿಮೆ ತೆರೆಯ ಮೇಲೆ ಹೆಣ್ಣಿನ ಸಹಜ ಸ್ವಭಾವವಾಗಿ ಪರಿವರ್ತನೆಗೊಂಡಿದೆ. ಮುತ್ತಿನಿಂದ ಎಚ್ಚರಗೊಳ್ಳುವ ಪ್ರಸಂಗವೂ ಗ್ರಿಮ್ ಪಾಠದಲ್ಲಿಲ್ಲ. ಅಲ್ಲಿ ಶವಪೆಟ್ಟಿಗೆಯನ್ನು ಹೊತ್ತವರು ಎಡವಿದಾಗ ಗಂಟಲಿನಲ್ಲಿ ಸಿಕ್ಕಿದ್ದ ಸೇಬಿನ ಚೂರು ಹೊರಬೀಳುತ್ತದೆ. ಆಕಸ್ಮಿಕವು ಮಾಡಿದ ಕೆಲಸದ ಶ್ರೇಯಸ್ಸನ್ನು ಚಿತ್ರವು ರಾಜಕುಮಾರನಿಗೆ ಸಲ್ಲಿಸಿದೆ. ಈ ಎರಡು ಬದಲಾವಣೆಗಳು ಪರಂಪರೆಯಿಂದ ಬಂದವಲ್ಲ, ಚಿತ್ರವೇ ಸೇರಿಸಿದವು.

ಸೇರ್ಪಡೆಯಷ್ಟೇ ಆಯ್ಕೆಯೂ ಮುಖ್ಯವಾದುದು. ೧೯೫೦ರ ‘ಸಿಂಡರೆಲಾ’ ಅನುಸರಿಸಿದ್ದು ಫ್ರಾನ್ಸಿನ ಪೆರೋ ೧೬೯೭ರಲ್ಲಿ ಪ್ರಕಟಿಸಿದ ಆಸ್ಥಾನರುಚಿಯ ಪಾಠವನ್ನು. ದಯಾಳು ಕಿನ್ನರಿ, ಕುಂಬಳಕಾಯಿಯ ಸಾರೋಟು, ಗಾಜಿನ ಪಾದರಕ್ಷೆಗಳು ಅಲ್ಲಿಯವು. ಇದೇ ಕತೆಯ ಇಟಲಿಯ ಬಸೀಲೆಯ ಪಾಠದಲ್ಲಿ ನಾಯಕಿ ತನ್ನ ಮೊದಲ ಮಲತಾಯಿಯನ್ನು ಪೆಟ್ಟಿಗೆಯ ಮುಚ್ಚಳದಿಂದ ಕೊಲ್ಲುತ್ತಾಳೆ. ಗ್ರಿಮ್ ಪಾಠದಲ್ಲಿ ತಾಯಿಯ ಸಮಾಧಿಯ ಮೇಲೆ ತಾನೇ ನೆಟ್ಟು ಕಣ್ಣೀರೆರೆದು ಬೆಳೆಸಿದ ಮರದ ಬಳಿ ನಿಂತು ಉಡುಪನ್ನು ಕೇಳಿ ಪಡೆಯುತ್ತಾಳೆ. ಲಭ್ಯವಿದ್ದ ಹಲವು ಪಾಠಗಳಲ್ಲಿ ಅತ್ಯಂತ ವಿಧೇಯ ನಾಯಕಿಯೇ ತೆರೆಗೆ ಬಂದಳು. ಜಾನಪದ ವಿದ್ವಾಂಸೆ ಕೇ ಸ್ಟೋನ್ ೧೯೭೫ರಷ್ಟು ಹಿಂದೆಯೇ, ಗ್ರಿಮ್ ಸಂಗ್ರಹದ ಕ್ರಿಯಾಶೀಲ ನಾಯಕಿಯರು ಜನಪ್ರಿಯ ಆವೃತ್ತಿಗಳಲ್ಲಿ ಮರೆಯಾಗಿ ನಿಷ್ಕ್ರಿಯರು ಮಾತ್ರ ಉಳಿದುದನ್ನು ಎತ್ತಿ ತೋರಿಸಿದ್ದರು.

ಮತ್ತೊಂದು ಸಂಗತಿ ವಿಮರ್ಶಕರ ಗಮನವನ್ನು ಅಷ್ಟಾಗಿ ಸೆಳೆದಂತಿಲ್ಲ. ಮೇಲಿನ ಎರಡು ಚಿತ್ರಗಳೂ ೧೯೫೯ರ ‘ಸ್ಲೀಪಿಂಗ್ ಬ್ಯೂಟಿ’ಯೂ ತೆರೆದುಕೊಳ್ಳುವ ಒಂದು ಅಲಂಕೃತ ಗ್ರಂಥದಿಂದ ಆರಂಭವಾಗುತ್ತವೆ. ಕತೆ ಹೇಳುವ ಅಜ್ಜಿಯ ಸ್ಥಾನದಲ್ಲಿ ಗ್ರಂಥವಿದೆ. ಕತೆಯ ಒಳಗಾದರೋ ವಯಸ್ಸಾದ, ಅಧಿಕಾರವುಳ್ಳ ಹೆಣ್ಣು ಬಹುಮಟ್ಟಿಗೆ ಮಾಟಗಾತಿ ಅಥವಾ ಮಲತಾಯಿ. ಸಿಂಡರೆಲಾಳ ಕಿನ್ನರಿಯಂಥವರು ಇದಕ್ಕೆ ಅಪವಾದವಾಗಿದ್ದರೂ, ಮಧ್ಯರಾತ್ರಿಗೆ ಕರಗಿಹೋಗುವ ನೆರವನ್ನಷ್ಟೇ ಆಕೆ ಕೊಡಬಲ್ಲಳು. ಕತೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವಳೇ ಕತೆಯೊಳಗೆ ಭಯದ ವಸ್ತುವಾದದ್ದು ವಿಪರ್ಯಾಸ.

ಈ ಹಿನ್ನೆಲೆಯಲ್ಲಿ ಕನ್ನಡದ ‘ಹಂಚಿ’ಯ ಕತೆಯನ್ನು ಪರಿಶೀಲಿಸುವುದು ಉಚಿತ. ಎ.ಕೆ. ರಾಮಾನುಜನ್ ಇದನ್ನು ಕನ್ನಡದ ಸಿಂಡರೆಲಾ ಎಂದು ಗುರುತಿಸಿದ ಲೇಖನ ಅಲನ್ ಡಂಡೆಸ್ ಸಂಪಾದಿಸಿದ ೧೯೮೨ರ ಸಂಕಲನದಲ್ಲಿ ಸೇರಿದೆ. ಹೊನ್ನಿನ ಕೂದಲಿನ ಹುಡುಗಿಯನ್ನು ಒಡಹುಟ್ಟಿದವನೇ ಬಯಸಿದಾಗ ತಾಯಿ ಅವಳಿಗೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದ ಪಾರುಮಾಡುತ್ತಾಳೆ. ಸಾಹುಕಾರನ ಅಡುಗೆಮನೆ ಸೇರಿದ ಅವಳನ್ನು ಅವನ ಮಗ ಮದುವೆಯಾಗುತ್ತಾನೆ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಮನೆತನದ ಗುರು ಅವಳನ್ನು ಬಯಸಿ, ನಿರಾಕೃತನಾದಾಗ ಅವಳ ಶೀಲದ ಮೇಲೆ ಅಪವಾದ ಹೊರಿಸುತ್ತಾನೆ. ಅವಳನ್ನು ಪೆಟ್ಟಿಗೆಯಿಂದ ಬಿಡಿಸಿ ಉಳಿಸುವವಳು ಒಬ್ಬ ಮುದುಕಿ. ಕೊನೆಗೆ ಗಂಡನ ಮನೆಯವರಿಗೆ ಅವಳ ಗುರುತು ಹತ್ತುವುದು ಅವಳ ಕೈಯಡುಗೆಯ ರುಚಿಯಿಂದ.

ಗಾಜಿನ ಪಾದರಕ್ಷೆ ಹೆಣ್ಣಿನ ದೇಹವನ್ನು ಅಳೆಯುತ್ತದೆ. ಮಣ್ಣಿನ ಮುಖವಾಡ ದೇಹದ ಮೇಲೆ ಬೀಳುವ ಕಣ್ಣಿನಿಂದ ರಕ್ಷಿಸುತ್ತದೆ. ಒಂದರಲ್ಲಿ ಸೌಂದರ್ಯ ಬಹುಮಾನಕ್ಕೆ ದಾರಿ. ಇನ್ನೊಂದರಲ್ಲಿ ಅದು ಅಪಾಯ. ಮದುವೆ ಒಂದರಲ್ಲಿ ಮುಕ್ತಾಯ. ಇನ್ನೊಂದರಲ್ಲಿ ಹೊಸ ಸಂಕಟದ ಆರಂಭ. ಹಾಗೆಂದು ಜನಪದ ಕತೆಗಳೆಲ್ಲ ಸ್ತ್ರೀಪರವೆಂದು ಭಾವಿಸಲಾಗದು. ಹಂಚಿಯೂ ಅಡುಗೆಮನೆಯಿಂದಲೇ ಗುರುತಿಸಲ್ಪಡುತ್ತಾಳೆ. ತನ್ನನ್ನು ನಂಬದ ಮನೆಗೇ ಹಿಂದಿರುಗುತ್ತಾಳೆ. ಪಿತೃಪ್ರಧಾನ ಮೌಲ್ಯಗಳು ಅಲ್ಲಿಯೂ ಇವೆ. ಆದರೆ ಮೌಖಿಕ ಪರಂಪರೆಯಲ್ಲಿ ಯಾವ ಪಾಠವೂ ಅಂತಿಮವಲ್ಲ. ಕೇಳಿದ ಹುಡುಗಿ ನಾಳೆ ಅದನ್ನು ಬೇರೆಯಾಗಿ ಹೇಳಬಲ್ಲಳು. ಚಲನಚಿತ್ರವು ಒಂದು ಪಾಠವನ್ನು ಬಣ್ಣ, ಮುಖ, ದನಿಗಳ ಸಮೇತ ಸ್ಥಿರಗೊಳಿಸಿ ಜಗತ್ತಿನಾದ್ಯಂತ ಮೂಲವೆಂಬಂತೆ ಹರಡುತ್ತದೆ.

ಇತ್ತೀಚಿನ ಚಿತ್ರಗಳು ಬದಲಾಗಿಲ್ಲವೇ ಎಂಬ ಪ್ರಶ್ನೆ ಸಹಜ. ೨೦೧೩ರ ‘ಫ್ರೋಜನ್’ ಮೊದಲ ಭೇಟಿಯ ಪ್ರೇಮವನ್ನು ಪ್ರಶ್ನಿಸುತ್ತದೆ; ಅಕ್ಕ-ತಂಗಿಯರ ಪ್ರೀತಿಯನ್ನು ಉದ್ಧಾರಕಶಕ್ತಿಯಾಗಿ ನಿಲ್ಲಿಸುತ್ತದೆ. ಇದು ಸ್ವಾಗತಾರ್ಹ. ಆದರೆ ಅದಕ್ಕೆ ಪ್ರೇರಣೆಯಾದ ಆಂಡರ್ಸನ್‌ನ ೧೮೪೪ರ ಕತೆಯಲ್ಲಿಯೇ ಹುಡುಗಿಯೊಬ್ಬಳು ಏಕಾಂಗಿಯಾಗಿ ಹೊರಟು ಹುಡುಗನನ್ನು ಪಾರುಮಾಡಿದ್ದಳು. ಭಾಷಾವಿಜ್ಞಾನಿಗಳಾದ ಕಾರ್ಮೆನ್ ಫಾಟ್ ಮತ್ತು ಕ್ಯಾರೆನ್ ಐಸೆನ್‌ಹಾವರ್ ೨೦೧೬ರಲ್ಲಿ ಬಹಿರಂಗಪಡಿಸಿದ ಗಣನೆಯಂತೆ, ‘ಸಿಂಡರೆಲಾ’ದಲ್ಲಿ ಶೇ. ೬೦ರಷ್ಟು ಮಾತು ಸ್ತ್ರೀಪಾತ್ರಗಳದ್ದು. ೧೯೮೯ರ ‘ದಿ ಲಿಟ್ಲ್ ಮರ್ಮೇಡ್’ನಲ್ಲಿ ಶೇ. ೬೮ರಷ್ಟು ಪುರುಷಪಾತ್ರಗಳದ್ದು. ಇಬ್ಬರು ರಾಜಕುಮಾರಿಯರ ಕತೆಯಾದ ‘ಫ್ರೋಜನ್’ನಲ್ಲಿಯೂ ಸ್ತ್ರೀಪಾತ್ರಗಳಿಗೆ ದೊರೆತದ್ದು ಶೇ. ೪೧ ಮಾತ್ರ. ನಾಯಕಿಯ ಗುಣಗಳು ಬದಲಾದ ಮಾತ್ರಕ್ಕೆ ಕಥಾಲೋಕದಲ್ಲಿ ಹೆಣ್ಣಿನ ಪಾಲು ಹೆಚ್ಚುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಆದ್ದರಿಂದ ಮೂಲಕತೆಯೇ ಹಾಗಿತ್ತು ಎಂಬ ಸಮಾಧಾನವನ್ನು ಒಪ್ಪಲಾಗದು. ಸಿದ್ಧಮಾದರಿ ರೂಪುಗೊಳ್ಳುವುದು ಆಯ್ಕೆ, ಸೇರ್ಪಡೆ ಮತ್ತು ಸ್ಥಿರೀಕರಣ ಎಂಬ ಮೂರು ಕ್ರಿಯೆಗಳಿಂದ. ಚಿತ್ರಗಳನ್ನು ಮಕ್ಕಳಿಂದ ದೂರವಿಡುವುದು ಇದಕ್ಕೆ ಪರಿಹಾರವಲ್ಲ, ಸಾಧ್ಯವೂ ಅಲ್ಲ. ಆದರೆ ಸಿಂಡರೆಲಾಳನ್ನು ಬಲ್ಲ ಕನ್ನಡದ ಮಗುವಿಗೆ ಹಂಚಿಯೂ ಪರಿಚಿತಳಾಗುವಂತೆ ಮಾಡಬಹುದು. ಒಂದೇ ಕತೆ ಎರಡು ಬಗೆಯಲ್ಲಿ ಸಾಗಬಲ್ಲದೆಂದು ತಿಳಿದ ಮಗು, ಮೂರನೆಯ ಬಗೆಯೊಂದನ್ನು ತಾನೇ ಊಹಿಸಿಕೊಳ್ಳಲು ಶಕ್ತವಾಗುತ್ತದೆ. ನಮ್ಮ ಸಂಗ್ರಹಗಳಲ್ಲಿರುವ ಪಾಠಾಂತರಗಳು ವಿದ್ವಾಂಸರ ವರ್ಗೀಕರಣಕ್ಕಷ್ಟೇ ಸೀಮಿತವಾಗದೆ ಮಕ್ಕಳ ಓದಿಗೂ ಒದಗಬೇಕಾಗಿದೆ.