ನೆಲೆಯೂರುವ ಬಾಳುವೆ ಮತ್ತು ನಮ್ಮ ಬರವಣಿಗೆ

ಪರದೇಶಕ್ಕೆ ಹೋದವರನ್ನು ಕುರಿತ ಕನ್ನಡ ಬರಹಗಳನ್ನು ಸ್ಥೂಲವಾಗಿ ಎರಡು ಗುಂಪುಗಳಲ್ಲಿ ಇಡಬಹುದು. ಬಿಟ್ಟುಬಂದ ಊರಿನ ಹಂಬಲವನ್ನು ಹೇಳುವವು ಒಂದು ಗುಂಪು. ಕಂಡ ದೇಶದ ಬೆರಗನ್ನು ಹೇಳುವವು ಇನ್ನೊಂದು. ಇವೆರಡರ ನಡುವಿನ ದೊಡ್ಡ ಹೊಲವೊಂದು ಬಹುಮಟ್ಟಿಗೆ ಬೀಳುಬಿದ್ದಿದೆ. ಹೋದವನು ಮೊದಲ ರಾತ್ರಿ ಎಲ್ಲಿ ಮಲಗಿದನು, ಅವನ ಪಾಸ್‌ಪೋರ್ಟ್ ಯಾರ ಕೈಯಲ್ಲಿ ಉಳಿಯಿತು, ಕೋಣೆಯಲ್ಲಿ ಅಡುಗೆಯ ಸರದಿ ಯಾವ ದಿನ ಬಂತು, ಜ್ವರ ಬಂದಾಗ ವೈದ್ಯನಿಗೆ ಯಾವ ಭಾಷೆಯಲ್ಲಿ ಹೇಳಿಕೊಂಡನು, ಮೊದಲ ಸಂಬಳದಲ್ಲಿ ಸಾಲಕ್ಕೆಷ್ಟು ಹೋಯಿತು, ಮನೆಗೆಷ್ಟು ಬಂತು ಎಂಬಿವೆಲ್ಲ ಆ ಹೊಲದ ಬೆಳೆಗಳು. ಇವು ಕೇವಲ ವ್ಯವಹಾರದ ಮಾತುಗಳು, ಸಾಹಿತ್ಯಕ್ಕೆ ತಕ್ಕ ವಸ್ತುಗಳಲ್ಲ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆ ಭಾವನೆಯನ್ನು ಪರೀಕ್ಷಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಉಪ್ಪಳದಂಥ ಊರಿನಲ್ಲಿ ಇದು ಬರಿಯ ಸಾಹಿತ್ಯಚರ್ಚೆಯ ಪ್ರಶ್ನೆಯಲ್ಲ. ಕಾಸರಗೋಡಿನಿಂದ ಮಂಜೇಶ್ವರದವರೆಗಿನ ಕರಾವಳಿಯಲ್ಲಿ ಎಷ್ಟೋ ಮನೆಗಳ ಒಲೆ ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಉರಿಯುತ್ತ ಬಂದಿದೆ. ಹಿಂದೆ ಬಸ್ಸು ಹಿಡಿದು ಮುಂಬಯಿಗೆ ಹೋಗಿ, ಅಲ್ಲಿ ಏಜೆಂಟನ ಬಾಗಿಲಲ್ಲಿ ದಿನಗಟ್ಟಲೆ ಕಾದು ವಿಮಾನ ಹತ್ತುತ್ತಿದ್ದರು. 2006ರಲ್ಲಿ ಮಂಗಳೂರಿನ ಬಜ್ಪೆಯಿಂದಲೇ ದುಬೈಗೆ ವಿಮಾನಗಳು ಹೊರಡತೊಡಗಿದುವು. ದಾರಿ ಹತ್ತಿರವಾದರೂ ಕಾಗದಪತ್ರಗಳ ಕಾಟ ಕಡಿಮೆಯಾಗಲಿಲ್ಲ. 1983ರ ವಲಸೆ ಕಾಯಿದೆಯ ವ್ಯವಸ್ಥೆಯಲ್ಲಿ ಹತ್ತನೆಯ ತರಗತಿ ತೇರ್ಗಡೆಯಾಗದವನು ಈ ರಾಷ್ಟ್ರಗಳಿಗೆ ದುಡಿಯಹೋಗಬೇಕಾದರೆ ಸರಕಾರದ ಪ್ರತ್ಯೇಕ ಅನುಮತಿಯನ್ನು ಪಡೆಯಬೇಕು. ಹೀಗಾಗಿ ನಮ್ಮ ಕಡೆಯಲ್ಲಿ ಹತ್ತನೆಯ ತರಗತಿಯ ಪ್ರಮಾಣಪತ್ರವು ವಿದ್ಯೆಯ ಗುರುತಾಗಿರುವಷ್ಟೇ ಪ್ರಯಾಣದ ಪತ್ರವೂ ಆಗಿದೆ. ಕನ್ನಡ ಶಾಲೆಯಲ್ಲಿ ಕಲಿತ ಹುಡುಗನಿಗೆ ಅವನ ಕನ್ನಡದಿಂದ ಆಗುವ ಕೊನೆಯ ಉಪಯೋಗ ಇದೊಂದೇ ಆಗಿಬಿಟ್ಟರೆ ಗತಿಯೇನು ಎಂಬುದನ್ನು ಮುಂದೆ ನೋಡೋಣ.

ಬಾಳುವೆಯ ಸಣ್ಣ ವಿವರಗಳನ್ನು ಸಾಹಿತ್ಯಕ್ಕೆ ತರುವುದು ಕನ್ನಡಕ್ಕೆ ಹೊಸದೇನೂ ಅಲ್ಲ. ಶಿವರಾಮ ಕಾರಂತರು 1940ರ ದಶಕದ ಆರಂಭದಲ್ಲಿ ಬರೆದ 'ಮರಳಿ ಮಣ್ಣಿಗೆ'ಯನ್ನು ಎಲ್ಲರೂ ಮಣ್ಣಿನ ಕಾದಂಬರಿಯೆಂದೇ ಓದುತ್ತಾರೆ. ಅದು ಊರು ಬಿಟ್ಟವರ ಕಾದಂಬರಿಯೂ ಹೌದು. ಬೆಂಗಳೂರಿನ ಹೋಟೆಲಿನ ದುಡ್ಡು ಹಳ್ಳಿಗೆ ಬಂದಾಗ ನೆರೆಹೊರೆಯ ಅಂತಸ್ತು ಹೇಗೆ ಕದಲುತ್ತದೆ, ಗಂಡಸರು ಹೊರಗೆ ಅಲೆಯುವಾಗ ಮನೆಯಲ್ಲಿ ಉಳಿದ ಹೆಂಗಸರು ಗದ್ದೆಯಲ್ಲಿಯೂ ಕಡಲ ದಂಡೆಯಲ್ಲಿಯೂ ಎಷ್ಟು ದುಡಿಯಬೇಕಾಗುತ್ತದೆ ಎಂಬುದನ್ನು ಕಾರಂತರು ಲೆಕ್ಕವಿಟ್ಟವರಂತೆ ಹೇಳಿದ್ದಾರೆ. ಆ ಲೆಕ್ಕವನ್ನು ತೆಗೆದುಬಿಟ್ಟರೆ ಕೊನೆಯಲ್ಲಿ ಮೊಮ್ಮಗ ಮಣ್ಣಿಗೆ ಮರಳುವುದು ಬರಿಯ ಭಾವುಕತೆಯಾದೀತು. ಮರಳುವಿಕೆಗೆ ಬೆಲೆ ಬಂದಿರುವುದು ಹೋದದ್ದರ ಬೆಲೆಯನ್ನು ಮೊದಲೇ ನಮಗೆ ತೋರಿಸಿರುವುದರಿಂದ.

ಕಡಲಾಚೆಯ ಪ್ರಯಾಣವನ್ನು ಕುರಿತ ಪುಸ್ತಕಗಳಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' ಜನಪ್ರಿಯವಾದುದು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಹೇಮಾವತಿಯ ದಂಡೆಯ ಹಾಸ್ಯಪ್ರಜ್ಞೆ ಅಲ್ಲಿಯ ಅಂಗಡಿ, ರಸ್ತೆ, ಮನೆಗಳನ್ನು ನೋಡಿ ಮಾತನಾಡುವ ಸೊಗಸು ಅದರಲ್ಲಿದೆ. ಆದರೆ ಅಲ್ಲಿರುವುದು ಅತಿಥಿಯ ಕಣ್ಣು. ಅತಿಥಿಗೆ ಬಾಡಿಗೆಯ ಚಿಂತೆಯಿಲ್ಲ. ವೀಸಾದ ದಿನ ಮುಗಿದರೆ ಅವನು ಹಿಂದಿರುಗುತ್ತಾನೆ, ಹಿಂದಿರುಗಿ ಪುಸ್ತಕ ಬರೆಯುತ್ತಾನೆ. ಇದು ಗೊರೂರರ ದೋಷವಲ್ಲ. ಪ್ರವಾಸಕಥನವೆಂಬ ಪ್ರಕಾರದ ಎಲ್ಲೆ. ದೋಷವಿರುವುದು ನಮ್ಮ ಅಭಿರುಚಿಯಲ್ಲಿ. ಅತಿಥಿಯ ಕಣ್ಣಿನ ಬರಹಕ್ಕೆ ಒಗ್ಗಿಹೋದ ನಾವು ಒಕ್ಕಲಾದವನ ಬರಹವನ್ನು ಕೇಳುವುದನ್ನೇ ಮರೆತೆವು.

ಇನ್ನು ನಮ್ಮ ನೆರೆಮನೆಯ ಭಾಷೆಯತ್ತ ನೋಡೋಣ. ಉಪ್ಪಳದವರಿಗೆ ಮಲೆಯಾಳವು ಹೊರಗಿನದಲ್ಲ. ಒಂದೇ ಅಂಗಡಿಯ ಜಗಲಿಯಲ್ಲಿ ಎರಡೂ ಭಾಷೆಗಳು ಕೇಳಿಬರುತ್ತವೆ. ಬೆನ್ಯಾಮಿನ್ ಅವರ 'ಆಡುಜೀವಿತಂ' ಕಾದಂಬರಿ 2008ರಲ್ಲಿ ಪ್ರಕಟವಾಯಿತು. ಮರುವರ್ಷದ ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. 2024ರಲ್ಲಿ ಅದು ಚಲನಚಿತ್ರವೂ ಆಯಿತು. ಹೊಳೆಯಲ್ಲಿ ಮುಳುಗಿ ಹೊಯಿಗೆ ತೆಗೆಯುತ್ತಿದ್ದ ನಜೀಬ್ ಎಂಬವನು ಸೌದಿ ಅರೇಬಿಯಕ್ಕೆ ಹೋಗಿ, ಮರುಭೂಮಿಯ ಆಡಿನ ದೊಡ್ಡಿಯಲ್ಲಿ ಸೆರೆಯಾಳಿನಂತೆ ವರ್ಷಗಟ್ಟಲೆ ಕಳೆದ ಕಥೆಯದು. ಆ ಕಾದಂಬರಿಯಲ್ಲಿ ಓದುಗನ ಎದೆಯನ್ನು ಮೊದಲು ಹಿಡಿಯುವ ಘಟನೆ ಯಾವುದು? ಊರಿನ ನೆನಪಲ್ಲ, ಹೆಂಡತಿಯ ಅಗಲಿಕೆಯೂ ಅಲ್ಲ. ಮೊದಲ ಬೆಳಗ್ಗೆ ಶೌಚಕ್ಕೆ ಹೋದವನು ತೊಳೆದುಕೊಳ್ಳಲು ನೀರು ಮುಟ್ಟುತ್ತಾನೆ. ಕೂಡಲೇ ಬೆನ್ನಿಗೆ ಏಟು ಬೀಳುತ್ತದೆ. ಆ ನೀರು ಆಡುಗಳಿಗೆ, ಅವನಿಗಲ್ಲ. ಹುಟ್ಟಿದಂದಿನಿಂದ ನೀರಿನಲ್ಲೇ ಬಾಳಿದವನಿಗೆ ನೀರಿಲ್ಲವಾಯಿತು. ಕರಾವಳಿಯ ಓದುಗನಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ವಿಮರ್ಶಕನು ಗಮನಿಸಬೇಕಾದುದೊಂದಿದೆ. ಗುಲಾಮಗಿರಿ, ಮಾನವೀಯತೆಯ ನಾಶ ಎಂಬ ದೊಡ್ಡ ಮಾತುಗಳನ್ನು ಆಡದೆ ಒಂದು ಚೊಂಬು ನೀರಿನಿಂದ ಲೇಖಕನು ಆ ಕೆಲಸವನ್ನು ಸಾಧಿಸಿದ್ದಾನೆ. ಮನೆಯಿಂದ ಕಟ್ಟಿಕೊಂಡುಹೋದ ಉಪ್ಪಿನಕಾಯಿ, ಒಣಗಿದ ಖುಬ್ಬೂಸ್ ರೊಟ್ಟಿ, ಮಲಗುವ ಮಂಚ, ಇಷ್ಟು ಸಾಮಗ್ರಿಯಲ್ಲಿ ಇಡೀ ಲೋಕವೊಂದು ನಿಂತಿದೆ. ವ್ಯವಹಾರದ ವಿವರ ಸಾಹಿತ್ಯವಾಗಲಾರದೆನ್ನುವವರು ಆ ನೀರಿನ ಪ್ರಸಂಗವನ್ನು ಒಮ್ಮೆ ಓದಿ ಬರಲಿ.

ಹೋದವನ ಬಾಳುವೆಗೆ ಇನ್ನೊಂದು ಮಗ್ಗುಲಿದೆ. ಅದು ಊರಿನಲ್ಲೇ ಉಳಿದವಳದು. 1970ರ ದಶಕದಲ್ಲಿ ಎಸ್. ಎ. ಜಮೀಲ್ ಅವರು ರಚಿಸಿ ಹಾಡಿದ 'ದುಬೈ ಕತ್ತುಪಾಟ್ಟು' ಕ್ಯಾಸೆಟ್ಟುಗಳ ಮೂಲಕ ಮಲಬಾರಿನುದ್ದಕ್ಕೂ ಹರಡಿತು. ಅದು ಕೊಲ್ಲಿಯಲ್ಲಿರುವ ಗಂಡನಿಗೆ ಹೆಂಡತಿ ಬರೆದ ಕಾಗದದ ರೂಪದಲ್ಲಿದೆ. ಗಂಡನ ಮರುಕಾಗದವಾಗಿ ಇನ್ನೊಂದು ಹಾಡೂ ಬಂತು. ಪಂಡಿತರು ಇದನ್ನು ಜನಪ್ರಿಯ ಹಾಡೆಂದು ಪಕ್ಕಕ್ಕಿಡಬಹುದು. ಆದರೆ ಕಾಗದವೇ ದಾಂಪತ್ಯವಾಗಿದ್ದ ಒಂದು ಕಾಲದ ನಿಜವಾದ ಬಿಕ್ಕಟ್ಟನ್ನು, ವರ್ಷವರ್ಷಗಳ ಒಂಟಿತನವನ್ನು, ಹಣ ಬಂದರೂ ಮನುಷ್ಯ ಬಾರದ ಮನೆಯನ್ನು ಆ ಹಾಡು ಮುಚ್ಚುಮರೆಯಿಲ್ಲದೆ ಎತ್ತಿತು. ನಮ್ಮ ಓಣಿಗಳಲ್ಲಿಯೂ ಅಂಥ ಕಾಗದಗಳು ಬರೆಯಲ್ಪಟ್ಟಿವೆ. ಬರೆಯಲು ಬಾರದವರು ನೆರೆಯ ಹುಡುಗರಿಂದ ಬರೆಯಿಸಿದ್ದಾರೆ. ಎಷ್ಟೋ ಕಾಗದಗಳು ಕನ್ನಡ ಲಿಪಿಯಲ್ಲಿದ್ದುವು.

ನೆಲೆಯೂರುವ ಮಾತಿಗೆ ಬಂದಾಗ ಕೊಲ್ಲಿಗೂ ಪಶ್ಚಿಮದ ದೇಶಗಳಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಕೊಲ್ಲಿಯಲ್ಲಿ ಸಾಮಾನ್ಯ ಕೆಲಸಗಾರನಿಗೆ ಪೌರತ್ವವಿಲ್ಲ. ಇಕಾಮದ ಅವಧಿ ಮುಗಿದರೆ ಮರಳಬೇಕು. ಮೂವತ್ತು ವರ್ಷ ಅಲ್ಲಿ ದುಡಿದವನೂ ಅದನ್ನು ತುಂಡು ತುಂಡಾಗಿಯೇ ಬಾಳಿರುತ್ತಾನೆ. ಆದುದರಿಂದ ಅವನು ನೆಲೆಯೂರುವುದು ಇಲ್ಲಿ, ತಾನು ವಾಸಿಸದ ಮನೆಯನ್ನು ಕಟ್ಟಿಸುವ ಮೂಲಕ. ಅಮೆರಿಕದಂಥ ದೇಶದಲ್ಲಿ ವಲಸೆಗಾರನು ಅಲ್ಲಿಯೇ ಮನೆ ಮಾಡಬಹುದು, ಮಕ್ಕಳನ್ನು ಶಾಲೆಗೆ ಕಳಿಸಬಹುದು. ಆಗ ಏಳುವ ಪ್ರಶ್ನೆಗಳೇ ಬೇರೆ.

ಆ ಬೇರೆ ಪ್ರಶ್ನೆಗಳನ್ನು ಎತ್ತಿಕೊಂಡಿರುವ ಕನ್ನಡ ಕೃತಿ ಗುರುಪ್ರಸಾದ ಕಾಗಿನೆಲೆ ಅವರ 'ಹಿಜಾಬ್' (2017). ಲೇಖಕರು ಮಿನೆಸೋಟಾ ರಾಜ್ಯದಲ್ಲಿ ವೈದ್ಯರು. 1991ರಲ್ಲಿ ಸೊಮಾಲಿಯದ ಸರಕಾರ ಕುಸಿದ ಮೇಲೆ ಓಡಿಬಂದ ಜನರಲ್ಲಿ ಬಹು ಮಂದಿ ನೆಲಸಿದ್ದು ಅದೇ ರಾಜ್ಯದಲ್ಲಿ. ಅಮೆರಿಕದ ಸೊಮಾಲಿ ಸಮುದಾಯಗಳಲ್ಲಿ ಅತಿ ದೊಡ್ಡದು ಅಲ್ಲಿದೆ. ಕಾದಂಬರಿಯಲ್ಲಿ ಆಫ್ರಿಕದ ಕಲ್ಪಿತ ದೇಶವೊಂದರಿಂದ ವಲಸೆ ಬಂದ ಮುಸ್ಲಿಂ ಹೆಂಗಸರು ಹೆರಿಗೆಗೆಂದು ಸಣ್ಣ ಊರೊಂದರ ಆಸ್ಪತ್ರೆಗೆ ಬರುತ್ತಾರೆ. ಹೊಟ್ಟೆ ಕುಯ್ದು ಮಗುವನ್ನು ತೆಗೆಯಲು ಒಪ್ಪುವುದಿಲ್ಲ. ಅವರೆದುರಿಗೆ ನಿಂತ ವೈದ್ಯರು ನಮ್ಮವರು, ಕನ್ನಡದವರು. ವಿನಿಮಯ ವೀಸಾದಲ್ಲಿ ತರಬೇತಿಗೆ ಹೋದ ಪರದೇಶದ ವೈದ್ಯನು ಸ್ವದೇಶಕ್ಕೆ ಎರಡು ವರ್ಷ ಮರಳಬೇಕು, ಇಲ್ಲವೇ ವೈದ್ಯರ ಅಭಾವವಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಬೇಕು ಎಂಬುದು ಆ ದೇಶದ ನಿಯಮ. ಇದನ್ನು ಬಲ್ಲವನಿಗೆ ಆ ದೃಶ್ಯದ ತೀಕ್ಷ್ಣತೆ ಹೆಚ್ಚುತ್ತದೆ. ಹಾಸಿಗೆಯ ಮೇಲಿರುವವಳೂ ವಲಸೆ ಬಂದವಳು. ಹಾಸಿಗೆಯ ಪಕ್ಕದಲ್ಲಿ ನಿಂತವನೂ ವಲಸೆ ಬಂದವನು. ಒಬ್ಬಳಿಗೆ ತನ್ನ ದೇಹದ ಮೇಲಿನ ಹಕ್ಕಿನ ಪ್ರಶ್ನೆ. ಇನ್ನೊಬ್ಬನಿಗೆ ಕರ್ತವ್ಯದ, ಅದರ ಹಿಂದೆಯೇ ಉದ್ಯೋಗದ ಪ್ರಶ್ನೆ. ಇಬ್ಬರ ನಡುವೆ ಭಾಷೆಯೂ ಇಲ್ಲ.

ಇದು ಕನ್ನಡಕ್ಕೆ ಹೊಸ ಅನುಭವ. ನಮ್ಮ ವಲಸೆಯ ಕಥೆಗಳಲ್ಲಿ ಎದುರಿಗೆ ನಿಲ್ಲುವವನು ಸಾಮಾನ್ಯವಾಗಿ ಬಿಳಿಯನು. ಇಲ್ಲಿ ವಲಸೆಗಾರನು ವಲಸೆಗಾರನನ್ನು ನೋಡುತ್ತಾನೆ, ಅಳೆಯುತ್ತಾನೆ, ಕೆಲವೊಮ್ಮೆ ತನಗಿಂತ ಕೆಳಗಿಡುತ್ತಾನೆ. ಆ ನೋಟವನ್ನು ಕಾದಂಬರಿಗೆ ತಂದ ಧೈರ್ಯಕ್ಕೆ ಮನ್ನಣೆ ಸಲ್ಲಬೇಕು. ಆದರೂ ಕೃತಿಯ ಕಣ್ಣು ಬಹುಮಟ್ಟಿಗೆ ವೈದ್ಯನ ಕಣ್ಣು. ಆಸ್ಪತ್ರೆಯ ಬಾಗಿಲಿನಿಂದ ಒಳಗೆ ಬಂದ ಹೆಂಗಸನ್ನು ನಾವು ಬಲ್ಲೆವು. ಆ ಬಾಗಿಲಿಗೆ ಬರುವ ಮುಂಚೆ ಅವಳು ಹಿಮದಲ್ಲಿ ಯಾವ ಬಸ್ಸಿಗೆ ಕಾದಳು, ಮನೆಯಲ್ಲಿ ಉಳಿದ ಮಕ್ಕಳನ್ನು ಯಾರಿಗೆ ಒಪ್ಪಿಸಿ ಬಂದಳು ಎಂದು ತಿಳಿಯುವ ಹಂಬಲ ಓದುಗನಲ್ಲಿ ಉಳಿದೇ ಇರುತ್ತದೆ. ಉಪ್ಪಳದ ಓದುಗನಿಗಂತೂ ತಲೆಯ ಮೇಲಿನ ಬಟ್ಟೆ ಒಗಟಲ್ಲ. ಅದು ನೆರೆಮನೆಯಾಕೆಯ ದಿನನಿತ್ಯದ ಉಡುಪು. ಬೆಂಗಳೂರಿನ ಓದುಗನಿಗೆ ಆ ಕಾದಂಬರಿಯಲ್ಲಿ ಮೊದಲು ಕಾಣುವುದು ಮತವಾದರೆ, ನಮಗೆ ಮೊದಲು ಕಾಣುವುದು ಪರವೂರಿನಲ್ಲಿ ಹೆರಿಗೆಗೆ ತಾಯಿಯಿಲ್ಲದ ಹೆಣ್ಣು. ನಮ್ಮ ಊರಿನ ಓದಿಗೆ ಇರುವ ಈ ಅನುಕೂಲವನ್ನು ನಾವು ವಿಮರ್ಶೆಯಲ್ಲಿ ಬಳಸಿಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಾಡಿಗೆ, ರೊಟ್ಟಿ, ವೀಸಾ ಎಂದು ಪಟ್ಟಿ ಮಾಡಿದರೆ ಅದು ಕಲೆಯಾದೀತೇ ಎಂಬುದು ಆ ಆಕ್ಷೇಪ. ಪಟ್ಟಿ ಕಲೆಯಲ್ಲ, ಒಪ್ಪತಕ್ಕದ್ದೇ. ಮನುಷ್ಯನು ಒಂದನ್ನು ಬಿಟ್ಟು ಇನ್ನೊಂದನ್ನು ಆಯಲೇಬೇಕಾದ ಇಕ್ಕಟ್ಟಿನಲ್ಲಿ ಬರುವ ವಿವರ ಮಾತ್ರ ಕಲೆಯಾಗುತ್ತದೆ. ಸಂಬಳ ಬಂದಿದೆ, ಏಜೆಂಟನ ಸಾಲ ತೀರಿಸಬೇಕೇ, ತಂಗಿಯ ಮದುವೆಗೆ ಕಳಿಸಬೇಕೇ? ತಂದೆ ತೀರಿಕೊಂಡ ಸುದ್ದಿ ಬಂದಿದೆ; ರಜೆ ಕೇಳಿ ಕೆಲಸ ಕಳೆದುಕೊಳ್ಳಬೇಕೇ, ಇಲ್ಲಿಯೇ ಕೋಣೆಯ ಮೂಲೆಯಲ್ಲಿ ಅತ್ತು ಬೆಳಗ್ಗೆ ಕೆಲಸಕ್ಕೆ ಹೊರಡಬೇಕೇ? ಇಂಥ ಕಡೆ ಟಿಕೆಟಿನ ಬೆಲೆಯೂ ಕಥೆಯ ಮರ್ಮವಾಗುತ್ತದೆ. ಟಿಕೆಟಿನ ಬೆಲೆಯನ್ನು ಬಿಟ್ಟು ಬರಿಯ ದುಃಖವನ್ನು ಬರೆದರೆ ಆ ದುಃಖ ಯಾರದೂ ಆಗಬಹುದು, ಆದುದರಿಂದ ಯಾರದೂ ಅಲ್ಲ.

2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಇಳಿಯುವಾಗ ದುರಂತಕ್ಕೀಡಾಗಿ 158 ಮಂದಿ ಮಡಿದರು. ಎಂಟು ಮಂದಿ ಮಾತ್ರ ಉಳಿದುಕೊಂಡರು. ಮಡಿದವರಲ್ಲಿ ಕಾಸರಗೋಡು ಮತ್ತು ದಕ್ಷಿಣ ಕನ್ನಡದವರು ಅನೇಕರಿದ್ದರು. ಅವರ ಸಾವನ್ನು ಪತ್ರಿಕೆಗಳು ಬರೆದುವು. ಅವರು ಬಾಳಿದ ಬಾಳನ್ನು ಬರೆಯುವುದು ಪತ್ರಿಕೆಗಳ ಕೆಲಸವಲ್ಲ. ಅದು ಕಥೆ ಕಾದಂಬರಿಗಳ ಕೆಲಸ. ಒಂದು ಊರಿನ ಜನ ಹೇಗೆ ದುಡಿದರು ಎಂಬುದು ಅವರು ಸತ್ತ ದಿನದ ಸುದ್ದಿಯಿಂದಷ್ಟೇ ಮುಂದಿನವರಿಗೆ ತಿಳಿಯಬೇಕೆಂದರೆ ಆ ಊರಿನ ಸಾಹಿತ್ಯಕ್ಕೆ ಅದು ಗೌರವವಲ್ಲ.

ಕೊನೆಗೆ ಭಾಷೆಯ ಮಾತು. ನಮ್ಮ ಊರಿನ ಯುವಕನೊಬ್ಬ ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಉರ್ದುವನ್ನೋ ಆಡುತ್ತಾನೆ; ಶಾರ್ಜಾದ ಕೋಣೆಯಲ್ಲಿ ಮಲೆಯಾಳ, ಕೆಲಸದ ಜಾಗದಲ್ಲಿ ಹಿಂದಿ, ಅಂಗಡಿಯಲ್ಲಿ ನಾಲ್ಕು ಅರಬ್ಬೀ ಮಾತು. ಇಕಾಮ, ಕಫೀಲ್, ಖುಬ್ಬೂಸ್ ಎಂಬ ಮಾತುಗಳು ನಮ್ಮ ಅಡುಗೆಮನೆಯವರೆಗೂ ಬಂದು ಕುಳಿತಿವೆ. ಅವನ ಕನ್ನಡ ಎಲ್ಲಿ ಉಳಿಯಿತು? ಶಾಲೆಯ ಪ್ರಮಾಣಪತ್ರದಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಕನ್ನಡವನ್ನು ಹಕ್ಕಿನ ಭಾಷೆಯಾಗಿ ಉಳಿಸಿಕೊಳ್ಳಲು ಹಿರಿಯರು ಹೆಣಗಿದ್ದಾರೆ. 1967ರ ಮಹಾಜನ ಆಯೋಗದ ವರದಿಯ ಮೇಲೆ ಆಸೆಯಿಟ್ಟು ಕಾದಿದ್ದಾರೆ. ಆ ಹೋರಾಟದ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮನುಷ್ಯನ ಸಾಲ, ಸಂಬಳ, ಕಾಯಿಲೆ, ಪ್ರಯಾಣಗಳನ್ನು ಹೇಳಲು ಬಳಕೆಯಾಗದ ಭಾಷೆ ಮನವಿಪತ್ರಗಳಲ್ಲಿ ಎಷ್ಟು ಕಾಲ ಬದುಕೀತು? ಆ ಬಾಳುವೆಯೆಲ್ಲ ಬೇರೆ ಭಾಷೆಯ ಹಾಡು, ಕಾದಂಬರಿ, ಚಲನಚಿತ್ರಗಳಲ್ಲಿ ತನ್ನ ರೂಪವನ್ನು ಕಂಡುಕೊಂಡರೆ ನಮ್ಮ ಮಕ್ಕಳು ಅತ್ತ ತಿರುಗುವುದು ಸಹಜ, ಅವರನ್ನು ದೂರುವಂತಿಲ್ಲ.

ಸಂಘದ ಕಿರಿಯ ಬರಹಗಾರರಲ್ಲಿ ನಮ್ಮ ಅರಿಕೆ ಇಷ್ಟೇ. ಊರಿಗೆ ಮರಳಿ ಅಂಗಡಿ ಇಟ್ಟುಕೊಂಡಿರುವ, ಮಸೀದಿಯ ಕಟ್ಟೆಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಸಂಜೆ ಕುಳಿತಿರುವ ಹಿರಿಯರನ್ನು ಹೋಗಿ ಕೇಳಿರಿ. ಮರುಭೂಮಿ ಹೇಗಿತ್ತು ಎಂದು ಕೇಳಬೇಡಿರಿ. ಕೋಣೆಯಲ್ಲಿ ಎಷ್ಟು ಮಂದಿ ಇದ್ದಿರಿ, ಗಂಜಿಗೆ ಅಕ್ಕಿ ಎಲ್ಲಿ ಸಿಗುತ್ತಿತ್ತು, ಕಾಗದ ಮುಟ್ಟಲು ಎಷ್ಟು ದಿನ ಹಿಡಿಯುತ್ತಿತ್ತು ಎಂದು ಕೇಳಿರಿ. ಹಳೆಯ ಪೆಟ್ಟಿಗೆಗಳಲ್ಲಿ ಕನ್ನಡ ಅಕ್ಷರದ ಕಾಗದಗಳು ಇನ್ನೂ ಇದ್ದಾವು. ಮನೆಯವರ ಒಪ್ಪಿಗೆ ಪಡೆದು ಅವನ್ನು ಓದಿರಿ. ಗೆದ್ದಲು ಹಿಡಿಯುವ ಮುಂಚೆ ಆಗಬೇಕಾದ ಕೆಲಸ ಇದು.