ಕೆಮ್ಮಣ್ಣಿಗೆ ಒಲಿದ ಕುಂಚ

ಬೆಂಗಳೂರಿನ ಸುಂಕದಕಟ್ಟೆಯ ಬೀದಿಗಳಲ್ಲಿ ಹತ್ತಾರು ಜಿಲ್ಲೆಗಳ ಕನ್ನಡ ಕಿವಿಗೆ ಬೀಳುತ್ತದೆ. ಬೇರೆಲ್ಲಿಂದಲೋ ಬಂದು ಇಲ್ಲೇ ಬೇರುಬಿಟ್ಟವರ ಊರು ಇದು. ಇಲ್ಲಿಯವರಿಗೆ ನನ್ನದೊಂದು ಒತ್ತಾಯವಿದೆ: ಬಿಡುವಾದಾಗ ಮಾಗಡಿ ರಸ್ತೆಯ ಬಸ್ಸು ಹಿಡಿದು, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ ಕಲಾವಿದ ಸ್ವೆಟೊಸ್ಲಾವ್ ರೋರಿಚ್ ಅವರ ಚಿತ್ರಗಳನ್ನು ನೋಡಿ. ಅವರೂ ನಿಮ್ಮಂತೆ ಬೇರೆಡೆಯಿಂದ ಬಂದು ಇಲ್ಲೇ ಬೇರುಬಿಟ್ಟವರು.

1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ರೋರಿಚ್ ಕುಲು ಕಣಿವೆಯ ನಗ್ಗರ್‌ನಲ್ಲಿ ಬಾಳಿದವರು. 1945ರಲ್ಲಿ ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ, ಆಮೇಲೆ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು.

ತಂದೆ ನಿಕೋಲಸ್ ರೋರಿಚ್ ಹಿಮಾಲಯದ ಚಿತ್ರಕಾರ. ಅವರ ಬೆಟ್ಟಗಳಲ್ಲಿ ತಣ್ಣನೆಯ ನೀಲಿ, ಮನುಷ್ಯರು ಚಿಕ್ಕವರು. ಮಗನ ಕ್ಯಾನ್ವಾಸಿನಲ್ಲಿ ಮನುಷ್ಯರೇ ದೊಡ್ಡವರು. ದಕ್ಷಿಣದ ಹಳ್ಳಿಯವರು, ದುಡಿಯುವ ಹೆಂಗಸರು, ಸಂಜೆಯ ಆಕಾಶ, ಎಲ್ಲವೂ ಕಾದ ಕೆಂಡದಂತೆ ಉರಿಯುತ್ತವೆ. ಅವರು ಬಳಸಿದ ಟೆಂಪೆರಾ ಬಣ್ಣಕ್ಕೆ ಎಣ್ಣೆವರ್ಣದ ಹೊಳಪು ಇಲ್ಲ. ಹಾಗಿದ್ದೂ ಆ ಕೆಂಪು, ಕಿತ್ತಳೆ ಕಣ್ಣಿಗೆ ರಾಚುತ್ತವೆ. ಹೊರಗಿನಿಂದ ಬಂದವರು ಹಳ್ಳಿಯನ್ನು ವಿಚಿತ್ರವೆಂಬಂತೆ ಬರೆಯುವುದುಂಟು. ಇಲ್ಲಿ ಆ ಬೆರಗಿನ ಪ್ರದರ್ಶನವಿಲ್ಲ. ನೆರೆಹೊರೆಯವರ ಬಗೆಗಿನ ಗೌರವವಿದೆ.

ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿರುವ ನೆಹರೂ ಭಾವಚಿತ್ರವೂ ಅವರದೇ. ಹೆಸರು ತಂದುಕೊಟ್ಟದ್ದು ಅಂಥ ಭಾವಚಿತ್ರಗಳು. ನನಗೆ ಮಾತ್ರ ಹೆಸರಿಲ್ಲದ ಹಳ್ಳಿಗರ ಚಿತ್ರಗಳೇ ಹೆಚ್ಚು ಇಷ್ಟ. ತಾತಗುಣಿಯಲ್ಲಿ ಸುಗಂಧ ತೈಲಕ್ಕಾಗಿ ಲಿನಲೋ ಮರಗಳನ್ನು ಬೆಳೆಸುತ್ತ, ಅಲ್ಲಿನ ಕೆಮ್ಮಣ್ಣಿನ ಬಣ್ಣವನ್ನು ಅವರು ದಿನವೂ ಕಂಡವರು. 1993ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಸಮಾಧಿಯೂ ತಾತಗುಣಿಯಲ್ಲೇ ಇದೆ.